ಬೆಟ್ಟದ ಚಾರಣ: ಮಿತಿಯಿದ್ದರೆ ವ್ಯಾಪಾರಕ್ಕೂ ಕ್ಷೇಮ

ಕೋಲಾರ ನಗರದ ಮಗ್ಗುಲಲ್ಲಿರುವ ಶತಶೃಂಗ ಬೆಟ್ಟಸಾಲಿನ ಅಂತರಗಂಗೆಯು ಇಂದು ಬೆಂಗಳೂರಿನ ಯುವಜನರ ನೆಚ್ಚಿನ ಚಾರಣ ತಾಣವಾಗಿದೆ. ಬಸವನ ಬಾಯಿಂದ ಹರಿಯುವ ತೀರ್ಥಕ್ಕಾಗಿ ಭಕ್ತರು ಬರುವ ಈ ಸ್ಥಳಕ್ಕೆ ಈಗ ಹೆಬ್ಬಂಡೆಗಳ ಸಂದಿಯ ಗುಹೆಗಳಲ್ಲಿ ತೆವಳಿ ಸಾಗುವ ಸಾಹಸಕ್ಕಾಗಿಯೂ ಜನರು ಬರುತ್ತಿದ್ದಾರೆ. ಇದರಿಂದ ಜಿಲ್ಲೆಯ ವ್ಯಾಪಾರ ವೃದ್ಧಿಸಿತೆಂದು ಭಾವಿಸುವುದು ಅವಸರದ ತೀರ್ಮಾನವಾದೀತು.

ರಾತ್ರಿ ಬೆಂಗಳೂರಿನಿಂದ ಹೊರಟ ತಂಡವು ಬೆಟ್ಟವೇರಿ, ಸೂರ್ಯೋದಯ ಕಂಡು, ಮಧ್ಯಾಹ್ನದೊಳಗೆ ಹಿಂದಿರುಗುತ್ತದೆ. ವಾಹನ, ಮಾರ್ಗದರ್ಶನ, ತಿಂಡಿಯ ಹಣವನ್ನು ಹೊರಡುವ ಮೊದಲೇ ಅಲ್ಲಿಯೇ ಪಾವತಿಸಿರುವುದುಂಟು. ಕತ್ತಲಲ್ಲಿ ದಾರಿ ತಪ್ಪಿದವರನ್ನು ಹುಡುಕುವ ಹೊಣೆ, ಪ್ಲಾಸ್ಟಿಕ್ ಹೆಕ್ಕುವ ಖರ್ಚು, ಬೇಸಿಗೆಯ ಕಾಳ್ಗಿಚ್ಚಿನ ಭಯ ಮಾತ್ರ ಸ್ಥಳೀಯರ ಪಾಲಿಗೆ ಉಳಿಯುತ್ತವೆ. ವರಮಾನ ಒಬ್ಬರಿಗೆ, ವೆಚ್ಚ ಮತ್ತೊಬ್ಬರಿಗೆ ಎಂಬ ಇಂತಹ ಲೆಕ್ಕವನ್ನು ಯಾವ ವರ್ತಕನೂ ಒಪ್ಪಲಾರನು.

2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನರು ಒಮ್ಮೆಲೇ ನುಗ್ಗಿದ ಪರಿಣಾಮವಾಗಿ, ಆನ್‌ಲೈನ್ ನೋಂದಣಿಯಿಲ್ಲದ ಅರಣ್ಯ ಚಾರಣಗಳನ್ನು ಸರ್ಕಾರವು ತಡೆಹಿಡಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣ ಆರಂಭವಾಗಿ, ಒಂದು ಪಥಕ್ಕೆ ದಿನಕ್ಕೆ ಗರಿಷ್ಠ 300 ಮಂದಿ ಎಂಬ ಮಿತಿ ಜಾರಿಗೆ ಬಂದಿತು.

ಮಿತಿ ವಿಧಿಸಿದರೆ ಗಿರಾಕಿಗಳು ಕಡಿಮೆಯಾಗುತ್ತಾರೆಂಬ ಆಕ್ಷೇಪ ಸಹಜವಾದುದೇ. ಆದರೆ ಮುಂಗಡವಾಗಿ ನೋಂದಾಯಿಸಿದವರು ಲೆಕ್ಕಕ್ಕೆ ಸಿಗುವ ಗಿರಾಕಿಗಳು. ಎಷ್ಟು ತಟ್ಟೆ ಇಡ್ಲಿ ಬೇಕು, ಎಷ್ಟು ಮಂದಿ ಮಾರ್ಗದರ್ಶಕರು ಬೇಕು ಎಂಬುದು ಹಿಂದಿನ ದಿನವೇ ತಿಳಿಯುತ್ತದೆ. ಮಿತಿಯಿಲ್ಲದ ಜನಸಂದಣಿಯಿಂದ ಅನಾಹುತವಾಗಿ ಪಥವೇ ಮುಚ್ಚಿದರೆ ನಷ್ಟ ಎಲ್ಲರದೂ ಆಗುತ್ತದೆ.

ಅಂತರಗಂಗೆಯಲ್ಲಿ ಸಂದಣಿ ಹೆಚ್ಚಿದಂತೆ ಹೊಸ ಬೆಟ್ಟವನ್ನು ಅರಸುವವರ ದೃಷ್ಟಿ ವಕ್ಕಲೇರಿಯ ಮಾರ್ಕಂಡೇಶ್ವರ ಬೆಟ್ಟದತ್ತ ಹೊರಳುವುದು ಖಚಿತ. ಚಾಲುಕ್ಯ ಎರಡನೆಯ ಕೀರ್ತಿವರ್ಮನ ಕ್ರಿ.ಶ. 757ರ ತಾಮ್ರಶಾಸನದಿಂದ ಇತಿಹಾಸದಲ್ಲಿ ಹೆಸರಾದ ಊರದು. ಜನರು ಬರುವ ಮೊದಲೇ ನಿಯಮ ರೂಪಿಸುವುದು ಸುಲಭ. ಬಂದ ಮೇಲೆ ಕಷ್ಟ.

ಆದ್ದರಿಂದ ವಾಣಿಜ್ಯ ಸಂಸ್ಥೆಗಳು ಅರಣ್ಯ ಇಲಾಖೆ ಹಾಗೂ ಗ್ರಾಮ ಪಂಚಾಯಿತಿಗಳೊಡನೆ ಕುಳಿತು ಮೂರು ವಿಷಯಗಳನ್ನು ಒತ್ತಾಯಿಸಬೇಕು: ನೋಂದಣಿಯಿಲ್ಲದೆ ಪ್ರವೇಶವಿಲ್ಲ, ತರಬೇತಿ ಪಡೆದ ಸ್ಥಳೀಯ ಯುವಕರೇ ಮಾರ್ಗದರ್ಶಕರು, ಶುಲ್ಕದ ಒಂದು ಭಾಗ ಬೆಂಕಿರೇಖೆ ಹಾಗೂ ಸ್ವಚ್ಛತೆಗೆ ಮೀಸಲು. ಬೆಟ್ಟವು ಜಿಲ್ಲೆಯ ಬಂಡವಾಳ. ಅದನ್ನು ಕರಗಿಸಿ ಬಂದ ಹಣವನ್ನು ಲಾಭವೆಂದು ಬರೆದುಕೊಳ್ಳುವುದು ಜಾಣತನವಲ್ಲ.