ಎಳೆಯ ಮಾವಿಗೆ ಕತ್ತರಿ ಹಾಕಲು ಕೈ ನಡುಗುವುದೇಕೆ?

ಬೆಂಗಳೂರಿನ ಲಾಲ್‌ಬಾಗಿಗೆ ಹೋದ ನಮ್ಮ ರೈತರು ಅಲ್ಲಿನ ಬೋನ್ಸಾಯ್ ಗಿಡಗಳ ಮುಂದೆ ನಿಂತು ಆಡುವ ಮಾತು ಬಹುಮಟ್ಟಿಗೆ ಒಂದೇ: "ಪಾಪ, ಬೆಳೆಯಬೇಕಾದ ಮರವನ್ನು ತಟ್ಟೆಯಲ್ಲಿ ಕೂರಿಸಿ ಹಿಂಸೆ ಮಾಡಿದ್ದಾರೆ." ನಾನೂ ಹಾಗೆಯೇ ಅಂದುಕೊಂಡು ಮುಂದೆ ಹೋದವನೇ. ಈಗ ಹಾಗೆ ಅನ್ನುವುದಿಲ್ಲ. ಜಪಾನಿನವರು ಈ ಕಲೆಯಲ್ಲಿ ಬಳಸುವ ಕತ್ತರಿಯ ನಿಯಮವನ್ನು ನಾವು ಮಾವಿನ ತೋಟದಲ್ಲಿ ಬಳಸಿದ್ದರೆ ನಮ್ಮೂರಿನಲ್ಲಿ ಒಬ್ಬ ಆಳುಮಗನ ಸೊಂಟ ಮುರಿಯುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಆ ಸಂಗತಿಯನ್ನೇ ಮೊದಲು ಹೇಳಿಬಿಡುತ್ತೇನೆ. ನಮ್ಮ ಪಕ್ಕದ ತೋಟದಲ್ಲಿ ಒಂದು ಎಕರೆಗೆ ೪೦ ಬಾದಾಮಿ ಮರಗಳಿವೆ. ೩೩ ಅಡಿಗೊಂದರಂತೆ ನೆಟ್ಟವು. ನೆಟ್ಟ ಮೇಲೆ ನೀರು, ಗೊಬ್ಬರ ಯಾವುದಕ್ಕೂ ಕೊರತೆಯಾಗಲಿಲ್ಲ. ಆದರೆ ಕತ್ತರಿ ಮಾತ್ರ ಒಮ್ಮೆಯೂ ಸೋಕಲಿಲ್ಲ. ಇಂದು ಹಣ್ಣೆಲ್ಲ ೩೦ ಅಡಿಯ ಮೇಲಿದೆ. ದೋಟಿ ಎಟುಕದು, ಔಷಧದ ಹನಿ ತುದಿ ಮುಟ್ಟದು. ಕುಯಿಲಿಗೆ ಮರ ಹತ್ತಿದವನು ಕೊಂಬೆ ಸೀಳಿ ಬಿದ್ದ. ಎರಡು ವರ್ಷವಾಯಿತು, ಆತ ಇನ್ನೂ ಭಾರ ಎತ್ತುವಂತಿಲ್ಲ. ಆ ಕೊಂಬೆಯನ್ನು ನಾನು ನೋಡಿದೆ. ಕಾಂಡಕ್ಕೆ ಅಂಟಿಕೊಂಡಂತೆ ಕವಣೆಯ ಕವಲಿನ ಹಾಗೆ ಮೇಲೆದ್ದ ಕೊಂಬೆ. ನಡುವೆ ತೊಗಟೆ ಸಿಕ್ಕಿಕೊಂಡು ಒಳಗೆ ಬೆಸುಗೆಯೇ ಆಗಿರಲಿಲ್ಲ. ಮರಕ್ಕೆ ಎರಡು ವರ್ಷವಿದ್ದಾಗ ಅದು ಕಿರುಬೆರಳಿನಷ್ಟು ದಪ್ಪ ಇದ್ದಿರಬೇಕು. ಅರೆ ನಿಮಿಷದ ಕೆಲಸ ಅಷ್ಟೆ.

ಬೋನ್ಸಾಯ್ ಎಂದರೆ ಕುಳ್ಳ ಜಾತಿಯ ಗಿಡವಲ್ಲ. ಅದೇ ಆಲ, ಅದೇ ಬಸರಿ, ಅದೇ ಗೋಣಿ. ಬೇರಿಗೆ ಜಾಗ ಕಡಿಮೆ, ಕುಡಿಗೆ ಆಗಾಗ್ಗೆ ಕತ್ತರಿ, ಇಷ್ಟೇ ಅದರ ಗುಟ್ಟು. ಯಾವ ಗಿಡದಲ್ಲೇ ಆಗಲಿ ತುದಿಯ ಮೊಗ್ಗು ಯಜಮಾನ. ಅದು ಇರುವ ತನಕ ಕೆಳಗಿನ ಮೊಗ್ಗುಗಳು ಮಲಗಿರುತ್ತವೆ. ತುದಿಯನ್ನು ತೆಗೆದರೆ ಕೆಳಗಿನವು ಕಣ್ಣು ಬಿಡುತ್ತವೆ. ಸೇವಂತಿಗೆಯ ಕುಡಿ ಚಿವುಟುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೂವಿನ ಗಿಡದಲ್ಲಿ ಒಪ್ಪುವ ಮಾತನ್ನು ಮಾವಿನಲ್ಲಿ ನಾವೇಕೆ ಒಪ್ಪುವುದಿಲ್ಲ?

ಒಪ್ಪದಿರಲು ಕಾರಣವಿದೆ. ಹಸಿರು ಕಡಿದರೆ ಪಾಪ ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ, ಅದು ಒಳ್ಳೆಯದೂ ಹೌದು. ಜೊತೆಗೆ, ದುಡ್ಡು ಕೊಟ್ಟು ತಂದ ಕಸಿ ಗಿಡ. ಒಂದೊಂದು ಅಂಗುಲ ಬೆಳೆದಾಗಲೂ ಸಂತೋಷಪಟ್ಟಿರುತ್ತೇವೆ. ಸೊಂಟದೆತ್ತರ ಬಂದ ಮೇಲೆ ಮೊಣಕಾಲಿನ ಮೇಲಕ್ಕೆ ಕತ್ತರಿಸು ಎಂದರೆ ಯಾರಿಗೆ ಮನಸ್ಸು ಬಂದೀತು? ಸಸಿ ಹಂಚುವವರು ಗುಂಡಿಯ ಅಳತೆ ಹೇಳುತ್ತಾರೆ, ಗೊಬ್ಬರದ ಲೆಕ್ಕ ಹೇಳುತ್ತಾರೆ. ಕತ್ತರಿ ಹಿಡಿದು ಒಂದು ಗಿಡವನ್ನಾದರೂ ಕತ್ತರಿಸಿ ತೋರಿಸುವವರು ಕಡಿಮೆ. ಇದು ನನ್ನ ದೂರು.

ಸಸಿ ಬೇರು ಹಿಡಿದು ಮೂರಡಿ ದಾಟಿದ ಮೇಲೆ ನೆಲದಿಂದ ಎರಡು, ಎರಡೂವರೆ ಅಡಿಯಲ್ಲಿ ಸುಳಿ ಕತ್ತರಿಸಿ. ಎಲ್ಲಿ ಎಂಬುದು ಮುಖ್ಯ. ಮಾವು ಒಂದೇ ಸಮನೆ ಬೆಳೆಯುವ ಗಿಡವಲ್ಲ. ಬಿಟ್ಟು ಬಿಟ್ಟು ಚಿಗುರುತ್ತದೆ. ಪ್ರತಿ ಚಿಗುರಿನ ಕೊನೆಯಲ್ಲಿ ಎಲೆಗಳು ಒತ್ತಾಗಿ ಕೂಡಿ ಬಳೆ ತೊಡಿಸಿದಂತೆ ಒಂದು ಗಂಟು ಕಾಣುತ್ತದೆ. ಆ ಗಂಟಿನ ಮೇಲೆ ಕತ್ತರಿಸಿದಿರೋ, ಒಂದೇ ಜಾಗದಿಂದ ಐದಾರು, ಏಳೆಂಟು ಚಿಗುರು ಪೊರಕೆಯಂತೆ ಹೊರಡುತ್ತವೆ. ಮುಂದೆ ಸೀಳುವ ಕೊಂಬೆಗಳು ಇವೇ. ಗಂಟಿನ ಕೆಳಗೆ, ಎಲೆಗಳು ದೂರದೂರ ಇರುವ ಕಡೆ ಕತ್ತರಿಸಿದರೆ ಕೆಲವೇ ಚಿಗುರು, ಒಂದಕ್ಕೊಂದು ಅಂತರ ಬಿಟ್ಟು ಬರುತ್ತವೆ. ಅವುಗಳಲ್ಲಿ ಮೂರು ಅಥವಾ ನಾಲ್ಕು, ಬೇರೆ ಬೇರೆ ದಿಕ್ಕಿಗೆ ಅಗಲವಾಗಿ ಚಾಚಿದವನ್ನು ಉಳಿಸಿ ಮಿಕ್ಕವನ್ನು ತೆಗೆಯಿರಿ. ಉಳಿದವು ಎರಡಡಿ ಬೆಳೆದು ಬಲಿತಾಗ ಅವಕ್ಕೂ ಇದೇ ಮರ್ಯಾದೆ. ಮೂರನೆಯ ವರ್ಷಕ್ಕೆ ಗಿಡ ಕೊಡೆಯಂತೆ ಹರಡಿ, ನಡುವೆ ಬಿಸಿಲು ಬೀಳುವಂತಿರಬೇಕು. ಕಸಿ ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಮಾತ್ರ ಯಾವಾಗ ಕಂಡರೂ ಬೆರಳಿನಿಂದಲೇ ಮುರಿದುಬಿಡಿ. ಅದು ಕಾಡುಗೊರಟೆಯ ಗಿಡ, ನೀವು ಹಣ ಕೊಟ್ಟ ಬಾದಾಮಿಯಲ್ಲ.

ಕೊಂಬೆ ನೆಟ್ಟಗೆ ಏಳುತ್ತಿದ್ದರೆ ಬೋನ್ಸಾಯ್ ಮಾಡುವವರು ತಂತಿ ಸುತ್ತಿ ಬಗ್ಗಿಸುತ್ತಾರೆ. ನಮಗೆ ಸೆಣಬಿನ ಹುರಿ, ಒಂದು ಗೂಟ ಸಾಕು. ಆದರೆ ಹೊಸಬರು ಮಾಡುವ ತಪ್ಪು ಎರಡು ಕಡೆಯೂ ಒಂದೇ: ಕಟ್ಟಿ ಮರೆತುಬಿಡುವುದು. ಕೊಂಬೆ ದಪ್ಪವಾಗುತ್ತಾ ಹುರಿ ತೊಗಟೆಯೊಳಗೆ ಹೂತುಹೋಗುತ್ತದೆ. ತಿಂಗಳಿಗೊಮ್ಮೆ ನೋಡಿ ಸಡಿಲಿಸಬೇಕು.

ಇನ್ನೊಂದು ತಪ್ಪನ್ನು ನಾನೇ ಮಾಡಿದ್ದೇನೆ. ಗೋಡೆಯಲ್ಲಿ ಹುಟ್ಟಿದ ಆಲದ ಸಸಿಯೊಂದನ್ನು ಕಿತ್ತು ಕುಂಡದಲ್ಲಿಟ್ಟು ಚೆನ್ನಾಗಿ ಬೆಳೆಸಿದ್ದೆ. ಒಂದು ಮೇ ತಿಂಗಳಲ್ಲಿ ಹುಮ್ಮಸ್ಸು ಬಂದು, ಅದೇ ದಿನ ಬೇರೂ ಕತ್ತರಿಸಿ, ಮುಕ್ಕಾಲು ಎಲೆಯೂ ತೆಗೆದು, ತಂತಿಯನ್ನೂ ಸುತ್ತಿದೆ. ಹದಿನೈದು ದಿನಕ್ಕೆ ಕಡ್ಡಿಯಾಯಿತು. ಆಲದಂತಹ ಗಟ್ಟಿ ಜೀವವೇ ತಾಳಲಿಲ್ಲ! ಎಲೆ ಎಂದರೆ ಗಿಡದ ಅಡುಗೆಮನೆ. ಒಮ್ಮೆಗೆ ಕಾಲು ಭಾಗಕ್ಕಿಂತ ಹೆಚ್ಚು ಹಸಿರನ್ನು ತೆಗೆಯದಿರುವುದು ಕ್ಷೇಮ. ಮಿಕ್ಕದ್ದು ಮುಂದಿನ ಚಿಗುರಿಗಿರಲಿ.

ಕಷ್ಟದ ಮಾತು ಹೂವಿನದು. ಕಸಿ ಗಿಡ ಎರಡನೆಯ ವರ್ಷಕ್ಕೇ ಹೂ ಬಿಡುತ್ತದೆ. ಮೊದಲ ಮೂರು ವರ್ಷ ಆ ಹೂಗೊಂಚಲನ್ನು ತೆಗೆಯಲೇಬೇಕು. ಇಲ್ಲವಾದರೆ ಗಿಡದ ಶಕ್ತಿಯೆಲ್ಲ ನಾಲ್ಕು ಕಾಯಿಗೆ ಹೋಗಿ ಕೊಂಬೆ ನಿಂತುಬಿಡುತ್ತದೆ. ನಮ್ಮ ಮನೆಯಲ್ಲಿ ಇದಕ್ಕೆ ದೊಡ್ಡ ಜಗಳವೇ ಆಯಿತು. ಚೊಚ್ಚಲ ಫಲ ದೇವರಿಗೆ ಎಂದರು ಅಮ್ಮ. ಬೇಲಿ ಬದಿಯ ಒಂದು ಗಿಡದಲ್ಲಿ ಒಂದೇ ಒಂದು ಗೊಂಚಲು ಬಿಟ್ಟು ರಾಜಿಯಾದೆವು.

ಎಳೆಯ ಗಿಡವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆ ಬಿಡುವು ಕೊಟ್ಟ ದಿನ ನೋಡಿ ಕತ್ತರಿಸಬಹುದು. ಫಸಲು ಕೊಡುವ ಮರವಾದರೆ ಕುಯಿಲು ಮುಗಿದ ಕೂಡಲೇ ಸವರಬೇಕು. ತಡ ಮಾಡಿದರೆ ಹೊಸ ಚಿಗುರು ಬಲಿಯುವುದಿಲ್ಲ, ಬಲಿಯದ ಚಿಗುರು ಹೂ ಬಿಡುವುದಿಲ್ಲ. ಮಚ್ಚು, ಕುಡುಗೋಲು ಬೇಡ. ಅವು ತೊಗಟೆಯನ್ನು ಜಜ್ಜುತ್ತವೆ. ಹರಿತವಾದ ಗಿಡ ಕತ್ತರಿಯಿಂದ ಓರೆಯಾಗಿ, ಒಂದೇ ಏಟಿಗೆ ತುಂಡಾಗಬೇಕು. ಸೊನೆ ಕಣ್ಣಿಗೆ ಸಿಡಿಯದಂತೆ ಮುಖ ಆಚೆ ಇರಲಿ. ಹೆಬ್ಬೆರಳಿಗಿಂತ ದಪ್ಪದ ಗಾಯಕ್ಕೆ ಬೋರ್ಡೋ ಮುಲಾಮು ಬಳಿಯಿರಿ: ೧೦೦ ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲೂ, ೧೦೦ ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲೂ ಕರಗಿಸಿ ಬೆರೆಸಬೇಕು. ಕಬ್ಬಿಣದ ಪಾತ್ರೆ ಬೇಡ, ಮಣ್ಣಿನದೋ ಪ್ಲಾಸ್ಟಿಕ್ಕಿನದೋ ಆಗಲಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕತ್ತರಿಯನ್ನು ರೋಗನಾಶಕದಲ್ಲಿ ಅದ್ದಿ ಒರೆಸುವುದು ಎಷ್ಟು ಮುಖ್ಯ ಎಂದು ಹಿರಿಯೂರು, ಕೊಪ್ಪಳ ಕಡೆಯ ದಾಳಿಂಬೆ ಬೆಳೆಗಾರರನ್ನು ಕೇಳಿ. ಅಲ್ಲಿ ದುಂಡಾಣು ಅಂಗಮಾರಿ ಕತ್ತರಿಯ ಅಲಗಿನ ಮೇಲೆಯೇ ತೋಟ ಸುತ್ತುತ್ತದೆ.

"ದೊಡ್ಡ ಮರವಾಗಲಿ, ಮೊಮ್ಮಕ್ಕಳಿಗೆ ನೆರಳಾಗಲಿ" ಎನ್ನುವ ಹಿರಿಯರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬೇಲಿಯ ಹುಣಸೆ, ಹಿತ್ತಲ ಹಲಸು, ಉಪ್ಪಿನಕಾಯಿಯ ಊರು ಮಾವು ಇವು ತಮ್ಮ ಪಾಡಿಗೆ ಬೆಳೆಯಲಿ. ಆದರೆ ಮಾರುವುದಕ್ಕೆಂದೇ ನೆಟ್ಟ ತೋಟ ಬೇರೆ. ಈಗ ಹದಿನಾರು ಅಡಿಗೊಂದರಂತೆ ಎಕರೆಗೆ ೧೬೦ ಗಿಡ ನೆಡುವವರಿದ್ದಾರೆ. ಅವರಂತೂ ಕತ್ತರಿ ಹಾಕದಿದ್ದರೆ ಹತ್ತು ವರ್ಷಕ್ಕೆ ತೋಟ ಹೋಗಿ ಕಾಡಾಗುತ್ತದೆ. ಆಗ ಗರಗಸ ತಂದು ದಪ್ಪ ಕೊಂಬೆ ಕಡಿದರೆ ಎರಡು ಮೂರು ಫಸಲು ಕೈಬಿಡುವುದಲ್ಲದೆ, ಆ ಗಾಯಕ್ಕೆ ಕಾಂಡ ಕೊರೆಯುವ ಹುಳು ಬರುತ್ತದೆ.

ಕೈ ನಡುಗುವವರು ಮೊದಲು ಗೋಡೆಯ ಬಸರಿಯೋ ಆಲವೋ ಒಂದು ಸಸಿಯನ್ನು ಒಡಕು ಮಡಕೆಯಲ್ಲಿ ನೆಟ್ಟು, ಅದು ಚಿಗುರಿದ ಮೇಲೆ ಸುಳಿ ಕತ್ತರಿಸಿ ನೋಡಿ. ಎರಡು ಮೂರು ವಾರದಲ್ಲಿ ಕತ್ತರಿಸಿದ ಜಾಗದ ಕೆಳಗೆ, ಎಲೆಯ ಬುಡದಲ್ಲಿ ಮೊಗ್ಗು ಉಬ್ಬುವುದು ಕಾಣುತ್ತದೆ. ಯಾವ ದಿಕ್ಕಿಗೆ ನೋಡುವ ಮೊಗ್ಗಿನ ಮೇಲೆ ಕತ್ತರಿಸಿದಿರೋ ಆ ದಿಕ್ಕಿಗೇ ಕೊಂಬೆ ಹೊರಡುತ್ತದೆ. ಅದನ್ನು ಕಣ್ಣಾರೆ ಕಂಡ ಮೇಲೆ ತೋಟಕ್ಕೆ ಹೋಗಿ, ಬೇಲಿ ಬದಿಯ ಎರಡು ಗಿಡದಿಂದ ಶುರುಮಾಡಿ.