ದ್ರಾವಣವನ್ನು ತೂಗಿಯೇ ಬರೆಯೋಣ

ಉಷ್ಣಮಾಪನ ಪ್ರಯೋಗದ ದಿನ ನಮ್ಮ ಲ್ಯಾಬಿನಲ್ಲಿ ಥರ್ಮಾಮೀಟರಿಗೆ ಸಿಗುವ ಮರ್ಯಾದೆ ತಕ್ಕಡಿಗೆ ಸಿಗುವುದಿಲ್ಲ. ಅರ್ಧ ಡಿಗ್ರಿಗೂ ವಾದ ನಡೆಯುತ್ತದೆ. ದ್ರಾವಣದ ದ್ರವ್ಯರಾಶಿ ಎಷ್ಟೆಂದರೆ ಮಾತ್ರ, "ನೂರು ಹಾಕು, ಸೀನಿಯರ್ ರೆಕಾರ್ಡಿನಲ್ಲಿ ಹಾಗೇ ಇದೆ" ಎಂಬ ಉತ್ತರ. ಈ ನೂರರ ಬಗ್ಗೆ ನನ್ನ ತಕರಾರಿದೆ.

ಥರ್ಮೋಕೋಲ್ ಕಪ್ಪಿನಲ್ಲಿ 100 ಗ್ರಾಂ ನೀರು, ಅದಕ್ಕೆ 10 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್. ಕರಗಿದ ಮೇಲೆ ದ್ರಾವಣ 110 ಗ್ರಾಂ. ಇಫ್ತಾರಿಗೆ ಶರಬತ್ತು ಕಲಸಿದವರಿಗೆಲ್ಲ ಗೊತ್ತು, ಕರಗಿದ ಸಕ್ಕರೆ ಲೋಟ ಬಿಟ್ಟು ಹೋಗಿರುವುದಿಲ್ಲ. ತಾಪ 8 ಡಿಗ್ರಿ ಇಳಿಯಿತು ಎಂದುಕೊಳ್ಳಿ. ವಿಶಿಷ್ಟೋಷ್ಣ 4.18 ಎಂದು ಹಿಡಿದು 100 ಹಾಕಿದರೆ ಮೋಲಿಗೆ ಸುಮಾರು 33.8 ಕಿಲೋಜೂಲ್, 110 ಹಾಕಿದರೆ 37.2. ಪುಸ್ತಕದಲ್ಲಿರುವುದು ಸುಮಾರು 35. ಹಾಗಾದರೆ ತೂಗಿದವರ ಉತ್ತರವೂ ಸರಿಯಲ್ಲವಲ್ಲ? ಸ್ವಾರಸ್ಯ ಇರುವುದು ಇಲ್ಲೇ. 4.18 ಶುದ್ಧ ನೀರಿನದು. ಉಪ್ಪು ಕರಗಿದ ನೀರಿನದು ಅದಕ್ಕಿಂತ ಕಡಿಮೆ. ದ್ರವ್ಯರಾಶಿ ದ್ರಾವಣದ್ದು, ವಿಶಿಷ್ಟೋಷ್ಣ ನೀರಿನದು ಎಂದು ಬೆರೆಸಿದರೆ ಉತ್ತರ ಮೇಲಕ್ಕೆ ಹೋಗುತ್ತದೆ. ಕಪ್ಪಿನೊಳಕ್ಕೆ ಹೊರಗಿನಿಂದ ನುಸುಳುವ ಶಾಖ ಅದನ್ನು ಸ್ವಲ್ಪ ಕೆಳಕ್ಕೆ ಎಳೆಯುತ್ತದೆ. ನೂರು ಎಂದು ಕಾಪಿ ಹೊಡೆದವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ತಟಸ್ಥೀಕರಣದಲ್ಲೂ ಇದೇ ಕಥೆ. ಮಿಲಿಲೀಟರನ್ನೇ ಗ್ರಾಂ ಎಂದು ಬರೆದುಬಿಡುತ್ತೇವೆ. ಒಂದು ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 100 ಮಿಲಿಲೀಟರಿಗೆ ಸುಮಾರು 104 ಗ್ರಾಂ ತೂಗುತ್ತದೆ.

ಇಡೀ ಬ್ಯಾಚಿಗೆ ಒಂದೇ ಡಿಜಿಟಲ್ ತಕ್ಕಡಿ, ಸಮಯ ಎಲ್ಲಿದೆ ಎನ್ನುವವರಿದ್ದಾರೆ. ತಾಪ ಕಾಯುವುದಿಲ್ಲ, ನಿಜ. ತೂಕ ಕಾಯುತ್ತದೆ. ಖಾಲಿ ಕಪ್ಪನ್ನು ಮೊದಲೇ ತೂಗಿಟ್ಟುಕೊಂಡು, ಪ್ರಯೋಗ ಮುಗಿದ ಮೇಲೆ ದ್ರಾವಣದ ಸಮೇತ ನಿಧಾನವಾಗಿ ಸರದಿಯಲ್ಲಿ ತೂಗಬಹುದು. ವ್ಯತ್ಯಾಸವೇ ದ್ರವ್ಯರಾಶಿ.

ಪ್ರಾಯೋಗಿಕಕ್ಕೆ 30 ಅಂಕವಿದೆ. ಆ ಭಯಕ್ಕೇ ಎಷ್ಟೋ ಜನ ಪುಸ್ತಕದ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ತಾಪವನ್ನೇ ತಿದ್ದುತ್ತಾರೆ. ಅವರನ್ನಷ್ಟೇ ಬೈದು ಪ್ರಯೋಜನವಿಲ್ಲ. ಉಪನ್ಯಾಸಕರಲ್ಲಿ ನನ್ನ ಕೋರಿಕೆ ಇಷ್ಟೇ: ರೆಕಾರ್ಡಿನಲ್ಲಿ "ದ್ರವ್ಯರಾಶಿ ಹೇಗೆ ಸಿಕ್ಕಿತು" ಎಂದು ಒಂದು ಸಾಲು ಇರಲಿ, ಅದಕ್ಕೆ ಒಂದು ಅಂಕವಿರಲಿ. ಉತ್ತರ 37 ಬಂದು, ಯಾಕೆ ಬಂತೆಂದು ಬರೆದವರ ಅಂಕ ಕಳೆಯದಿರಲಿ. ಮುಂದಿನ ಬ್ಯಾಚಿನಿಂದಲೇ ಶುರುಮಾಡಬಹುದು. ತಕ್ಕಡಿ ಹೇಗೂ ಗಾಜಿನ ಪೆಟ್ಟಿಗೆಯಲ್ಲಿ ಸುಮ್ಮನೆ ಕೂತಿದೆ.