ಖಡಕ್‌ವಾಸಲಾದ ದೊಡ್ಡ ಸಾಹೇಬರು

ಮಲಾಡ್ ಪಶ್ಚಿಮದ ಸ್ಟೇಷನ್ನಿನಿಂದ ಮಾರ್ವೆ ಕಡೆಗೆ ಹೋಗುವವರಿಗೆ ಐಎನ್‌ಎಸ್ ಹಮ್ಲಾ ಗೊತ್ತೇ ಇರುತ್ತದೆ. ಹೆಸರು ಹಡಗಿನದು, ಇರುವುದು ಮಾತ್ರ ನೆಲದ ಮೇಲೆ. ನೌಕಾಪಡೆಯವರು ದಡದ ಮೇಲಿನ ತಮ್ಮ ಕೇಂದ್ರವನ್ನೂ ಹಡಗೆಂದೇ ಲೆಕ್ಕ ಹಿಡಿಯುತ್ತಾರೆ. ಗೇಟು ದಾಟಿ ಪೇಟೆಗೆ ಬಂದವನು ‘ದಡಕ್ಕೆ ಹೋದ’ ಎಂದೇ ಅವರ ಮಾತು. ಹಮ್ಲಾ ಎಂದರೆ ದಾಳಿ. ಎರಡನೇ ಮಹಾಯುದ್ಧದ ಕಾಲದಿಂದ ಬಂದ ಹೆಸರು. ಇಂದು ಒಳಗೆ ಕಲಿಸುವುದು ನೌಕಾಪಡೆಯ ಸರಬರಾಜು, ಲೆಕ್ಕಪತ್ರ, ಅಡುಗೆ. ಹಡಗಿನ ಅಡುಗೆಯವರು ತಯಾರಾಗುವ ಶಾಲೆಗೆ ದಾಳಿ ಎಂಬ ಹೆಸರು! ಹೋಟೆಲು ನಡೆಸಿಯೇ ಮುಂಬಯಿಯಲ್ಲಿ ಕಾಲೂರಿದ ನಮ್ಮವರಿಗೆ ಇದು ಅಂಥ ತಮಾಷೆಯಾಗಿ ಕಾಣಲಿಕ್ಕಿಲ್ಲ. ಮಧ್ಯಾಹ್ನ ಒಂದು ಗಂಟೆಯ ಅಡುಗೆಮನೆ ನೋಡಿದವರು ಹೆಸರು ಸರಿಯಾಗಿಯೇ ಇದೆ ಅಂದಾರು.

ಹಡಗಿಗೊಬ್ಬ ಕ್ಯಾಪ್ಟನ್ ಇದ್ದಂತೆ ಹಮ್ಲಾಕ್ಕೂ ಒಬ್ಬ ಕಮಾಂಡಿಂಗ್ ಆಫೀಸರ್ ಇದ್ದಾರೆ. ಆದರೆ ಅಧಿಕಾರಿಗಳನ್ನೇ ತಯಾರಿಸುವ ಅಕಾಡೆಮಿಗಳಲ್ಲಿ ಆ ಕುರ್ಚಿಗೆ ‘ಕಮಾಂಡೆಂಟ್’ ಎಂದು ಹೆಸರು. ನಮಗೆ ಹತ್ತಿರದ ದೊಡ್ಡ ಅಕಾಡೆಮಿ ಪುಣೆಯ ಪಕ್ಕದ ಖಡಕ್‌ವಾಸಲಾದ ಎನ್‌ಡಿಎ, ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಮಕ್ಕಳನ್ನು ಅಲ್ಲಿಗೆ ಕಳಿಸುವ ಆಸೆ ಇಟ್ಟುಕೊಂಡ ತಂದೆತಾಯಿ ನಮ್ಮ ಮಲಾಡ್, ಕಾಂದಿವಲಿ, ಬೊರಿವಲಿಯಲ್ಲೂ ಇದ್ದಾರೆ. ಪರೀಕ್ಷೆ ಹೇಗೆ, ಐದು ದಿನಗಳ ಎಸ್‌ಎಸ್‌ಬಿ ಸಂದರ್ಶನ ಹೇಗೆ ಎಂಬುದನ್ನೆಲ್ಲ ಅವರು ತಿಳಿದುಕೊಂಡಿರುತ್ತಾರೆ. (ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದ ಹಳ್ಳಿ ಹುಡುಗನಿಗೆ ಮೊದಲ ಗೋಡೆ ಅಲ್ಲೇ. ಅದನ್ನು ಇನ್ನೊಂದು ವಾರ ಬರೆಯುತ್ತೇನೆ.) ಆದರೆ ಹದಿನೇಳರ ಮಗ ಗೇಟಿನೊಳಗೆ ಹೋದ ಮೇಲೆ ಅವನಿಗೆ ಯಾರು ಹೊಣೆ ಎಂದು ಕೇಳುವವರು ಕಡಿಮೆ. ಕಾಗದದ ಮೇಲೆ ಉತ್ತರ ಸುಲಭ: ಕಮಾಂಡೆಂಟ್.

ಆ ಸ್ಥಳದ ಹುಟ್ಟಿನಲ್ಲಿ ನಮ್ಮದೂ ಒಂದು ಎಳೆ ಇದೆ. ಅಕಾಡೆಮಿಗೆ 8,022 ಎಕರೆ ಜಾಗ ಕೊಟ್ಟದ್ದು ಅಂದಿನ ಮುಂಬಯಿ ಪ್ರಾಂತ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಆಗ ಅದರೊಳಗೇ ಇದ್ದವು. ದಾನ ಕೊಟ್ಟವರ ಪಟ್ಟಿಯಲ್ಲಿ ಕನ್ನಡಿಗರೂ ಸೇರಿದಂತಾಯಿತು. 1949ರ ಅಕ್ಟೋಬರ್ 6ರಂದು ನೆಹರೂ ಅಲ್ಲಿ ಅಡಿಗಲ್ಲು ಇಟ್ಟಾಗ ಭೂಸೇನೆಯ ಮುಖ್ಯಸ್ಥರಾಗಿದ್ದವರು ಕೊಡಗಿನ ಕಾರ್ಯಪ್ಪ. ಕಟ್ಟಡಕ್ಕೆ ಬಂದ ಹಣದಲ್ಲಿ ಸೂಡಾನ್ ಸರಕಾರದ ಕೊಡುಗೆಯೂ ಇತ್ತು. ಪೂರ್ವ ಆಫ್ರಿಕಾದ ರಣರಂಗದಲ್ಲಿ ಭಾರತೀಯ ಸೈನಿಕರು ಮಾಡಿದ ತ್ಯಾಗದ ನೆನಪಿಗೆ ಅವರು ಕೊಟ್ಟದ್ದು ಒಂದು ಲಕ್ಷ ಪೌಂಡ್. ದೇಶ ವಿಭಜನೆಯಾದ ಮೇಲೆ ನಮ್ಮ ಪಾಲಿಗೆ ಬಂದದ್ದು 70,000. ಗುಮ್ಮಟವಿರುವ ಮುಖ್ಯ ಕಟ್ಟಡಕ್ಕೆ ಇಂದಿಗೂ ಸೂಡಾನ್ ಬ್ಲಾಕ್ ಎಂದೇ ಹೆಸರು. 1955ರ ಜನವರಿಯಲ್ಲಿ ಉದ್ಘಾಟನೆಯಾಯಿತು.

ಖಡಕ್‌ವಾಸಲಾದ ಮೊದಲ ಕಮಾಂಡೆಂಟ್ ಮೇಜರ್ ಜನರಲ್ ಇನಾಯತ್ ಹಬೀಬುಲ್ಲಾ. ಲಖನೌ ಕಡೆಯ ಮನೆತನದವರು, ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತವರು. ವಿಭಜನೆಯಾದಾಗ ಕುಟುಂಬದಲ್ಲೇ ಕೆಲವರು ಪಾಕಿಸ್ತಾನಕ್ಕೆ ಹೋದರು, ಇವರು ಇಲ್ಲೇ ಉಳಿದರು. ಸ್ವಾತಂತ್ರ್ಯ ಬಂದು ಹತ್ತು ವರ್ಷವೂ ಆಗಿರಲಿಲ್ಲ, ಗಾಯ ಇನ್ನೂ ಹಸಿಯಾಗಿತ್ತು. ಆಗ ಮೂರೂ ಪಡೆಗಳ ಮುಂದಿನ ಅಧಿಕಾರಿಗಳನ್ನು ಬೆಳೆಸುವ ಕೆಲಸವನ್ನು ಒಬ್ಬ ಮುಸ್ಲಿಂ ಜನರಲ್ ಕೈಗೆ ಒಪ್ಪಿಸಿದರು. ಇದನ್ನು ಇಂದು ಓದಿದವರಿಗೆ ಅಚ್ಚರಿಯಾದರೆ, ಅದು ಇಂದಿನ ಕಾಲದ ಗುಣ. ಹಬೀಬುಲ್ಲಾ 1950ರ ದಶಕದ ಬಹುಪಾಲು ಅದೇ ಹುದ್ದೆಯಲ್ಲಿದ್ದರು. ಡೆಹರಾಡೂನಿನಲ್ಲಿದ್ದ ಸಂಸ್ಥೆ ಖಡಕ್‌ವಾಸಲಾಕ್ಕೆ ಬಂದದ್ದು, ಹೊಸ ಜಾಗದಲ್ಲಿ ಬೇರು ಬಿಟ್ಟದ್ದು ಎಲ್ಲ ಅವರ ಕಾಲದಲ್ಲೇ. ತಾವು ಬರಮಾಡಿಕೊಂಡ ಹುಡುಗರೇ ಮೂರು ವರ್ಷ ಮುಗಿಸಿ ಹೊರಗೆ ಹೋಗುವುದನ್ನು ಅವರು ಕಣ್ಣಾರೆ ಕಂಡರು.

ಈಗಿನ ಕಮಾಂಡೆಂಟರಿಗೆ ಆ ಭಾಗ್ಯ ಕಡಿಮೆ. ಹುದ್ದೆ ಈಗ ದೊಡ್ಡದು: ಭೂಸೇನೆಯಾದರೆ ಲೆಫ್ಟಿನೆಂಟ್ ಜನರಲ್, ನೌಕಾಪಡೆಯಾದರೆ ವೈಸ್ ಅಡ್ಮಿರಲ್, ವಾಯುಪಡೆಯಾದರೆ ಏರ್ ಮಾರ್ಷಲ್. ಮೂರೂ ಪಡೆಗಳ ನಡುವೆ ಸರದಿ. ಆದರೆ ಒಬ್ಬೊಬ್ಬರಿಗೆ ಸಿಗುವ ಕಾಲ ಸುಮಾರು ಎರಡು ವರ್ಷ, ಕೆಲವೊಮ್ಮೆ ಅಷ್ಟೂ ಇಲ್ಲ. ಕೆಡೆಟ್ ಇರುವುದು ಆರು ಟರ್ಮ್, ಅಂದರೆ ಮೂರು ವರ್ಷ. ಹುಡುಗ ಇರುವಾಗಲೇ ಯಜಮಾನ ಬದಲಾಗುತ್ತಾನೆ. ನಮ್ಮ ಸೊಸೈಟಿಯ ಸೆಕ್ರೆಟರಿ ವರ್ಷಕ್ಕೊಬ್ಬ ಬದಲಾದರೆ ನೀರಿನ ಟ್ಯಾಂಕಿ ಏನಾಗುತ್ತದೆಂದು ಬಲ್ಲವರಿಗೆ ಇದರ ಕಷ್ಟ ಹೇಳಬೇಕಿಲ್ಲ.

ಹಾಗಾದರೆ ಆ ಎರಡು ವರ್ಷದಲ್ಲಿ ಅವರು ಮಾಡುವುದೇನು? ಪಾಠ ಅವರು ಹೇಳುವುದಿಲ್ಲ. ಅದಕ್ಕೆ ಪ್ರಿನ್ಸಿಪಾಲರಿದ್ದಾರೆ, ಪ್ರಾಧ್ಯಾಪಕರಿದ್ದಾರೆ, ಪದವಿ ಕೊಡುವುದು ಜೆಎನ್‌ಯು. ಬೆಳಗಿನ ಡ್ರಿಲ್ ಅವರು ಮಾಡಿಸುವುದಿಲ್ಲ. ಅದು ಉಸ್ತಾದರ ಕೆಲಸ. ಹುಡುಗರು 18 ಸ್ಕ್ವಾಡ್ರನ್‌ಗಳಲ್ಲಿ ಹಂಚಿಹೋಗಿರುತ್ತಾರೆ. ಸ್ಕ್ವಾಡ್ರನ್ ಕಮಾಂಡರ್, ಅವರ ಕೆಳಗಿನ ಅಧಿಕಾರಿಗಳು, ಅವರಿಗೂ ಕೆಳಗೆ ಹಿರಿಯ ಕೆಡೆಟ್‌ಗಳು. ಮೊದಲ ಟರ್ಮಿನ ಹುಡುಗನಿಗೆ ದಿನಾ ಕಾಣುವ ದೇವರು ಆ ಹಿರಿಯ ಕೆಡೆಟ್. ಕಮಾಂಡೆಂಟ್ ದೂರದ ತಿರುಪತಿ.

ನನ್ನ ಲೆಕ್ಕದಲ್ಲಿ ಕಮಾಂಡೆಂಟರ ಕೆಲಸ ಇರುವುದೇ ಆ ದೂರದಲ್ಲಿ. ಶಿಸ್ತು ಎಲ್ಲಿ ಮುಗಿಯುತ್ತದೆ, ಕಿರುಕುಳ ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯನ್ನು ನಿಯಮದ ಪುಸ್ತಕ ಎಳೆದಿರುತ್ತದೆ. ಆದರೆ ರಾತ್ರಿ ಹತ್ತು ಗಂಟೆಗೆ ಸ್ಕ್ವಾಡ್ರನ್ನಿನ ಕಾರಿಡಾರಿನಲ್ಲಿ ಆ ಗೆರೆ ಉಳಿಯುವುದು ಮೇಲಿನವರು ಯಾವುದನ್ನು ಸಹಿಸುತ್ತಾರೆ, ಯಾವುದನ್ನು ಸಹಿಸುವುದಿಲ್ಲ ಎಂಬ ಸುದ್ದಿಯಿಂದ. ಮೊಣಕಾಲು ನೋವೆಂದು ಹೇಳಿದ ಹುಡುಗ ಕಳ್ಳನೆಂದು ಓಡಿಸುತ್ತಾರೋ, ವೈದ್ಯರ ಹತ್ತಿರ ಕಳಿಸುತ್ತಾರೋ? ಓಟದಲ್ಲಿ, ಓದಿನಲ್ಲಿ ಹಿಂದೆ ಬಿದ್ದವನನ್ನು ಆರು ತಿಂಗಳು ಕೆಳಗಿನ ಕೋರ್ಸಿಗೆ ಇಳಿಸುವುದೋ, ಮನೆಗೇ ಕಳಿಸುವುದೋ? ಇಳಿಸುವುದಕ್ಕೆ ಅಲ್ಲಿ ‘ರೆಲಿಗೇಷನ್’ ಎಂದು ಹೆಸರು, ಹುಡುಗರಿಗೆ ಅದೊಂದು ದುಃಸ್ವಪ್ನ. ಇಂಥ ಸಣ್ಣ ಸಣ್ಣ ತೀರ್ಮಾನಗಳಿಂದಲೇ ಒಬ್ಬ ಕಮಾಂಡೆಂಟರ ಕಾಲ ಒಳ್ಳೆಯದೋ ಕೆಟ್ಟದ್ದೋ ಆಗುತ್ತದೆ. ಪೆರೇಡಿನ ದಿನ ಜೀಪಿನಲ್ಲಿ ನಿಂತು ಸೆಲ್ಯೂಟ್ ಸ್ವೀಕರಿಸುವುದು ಟಿವಿಯವರಿಗೆ.

ಫಲ ಕಾಣುವುದು ಎಷ್ಟೋ ವರ್ಷಗಳ ನಂತರ. ಡೆಹರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿ 1932ರ ಅಕ್ಟೋಬರಿನಲ್ಲಿ 40 ಹುಡುಗರೊಂದಿಗೆ ಶುರುವಾದಾಗ ಬ್ರಿಗೇಡಿಯರ್ ಕಾಲಿನ್ಸ್ ಅದರ ಕಮಾಂಡೆಂಟ್. ಆ ಮೊದಲ ತಂಡದಲ್ಲಿ ಮಾಣೆಕ್‌ಶಾ ಇದ್ದರು, ಮೊಹಮ್ಮದ್ ಮೂಸಾ ಇದ್ದರು, ಸ್ಮಿತ್ ಡನ್ ಇದ್ದರು. ಮುಂದೆ ಒಬ್ಬರು ಭಾರತದ, ಒಬ್ಬರು ಪಾಕಿಸ್ತಾನದ, ಒಬ್ಬರು ಬರ್ಮಾದ ಸೇನಾ ಮುಖ್ಯಸ್ಥರಾದರು. ಕಾಲಿನ್ಸ್ ಸಾಹೇಬರಿಗೆ ಕಂಡದ್ದು ಒಂದೇ ಮೈದಾನದಲ್ಲಿ ಒಟ್ಟಿಗೆ ಬೆವರುತ್ತಿದ್ದ ಹುಡುಗರು.

ಮುಂಬಯಿಯವರಿಗೆ ಇನ್ನೂ ಹತ್ತಿರದ ಹೆಸರು ಬೇಕೆಂದರೆ, ಬೆಂಗಳೂರಿನಲ್ಲಿ ಬೆಳೆದ ಸಂದೀಪ್ ಉನ್ನಿಕೃಷ್ಣನ್. 1995ರಲ್ಲಿ ಎನ್‌ಡಿಎ ಸೇರಿದರು, ಆಸ್ಕರ್ ಸ್ಕ್ವಾಡ್ರನ್. 2008ರ ನವೆಂಬರಿನಲ್ಲಿ ತಾಜ್ ಹೋಟೆಲಿನೊಳಗೆ ಅವರು ಮಾಡಿದ್ದೇನು ಎಂಬುದನ್ನು ಈ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ. 1995ರಲ್ಲಿ ಕಮಾಂಡೆಂಟ್ ಯಾರಾಗಿದ್ದರೆಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಗೆದ್ದವರ ಕತೆ ಇಷ್ಟು. ಅರ್ಧದಲ್ಲೇ ಬಿದ್ದವರದು ಬೇರೆ ಇದೆ.

ಕುದುರೆ ಸವಾರಿ, ಬಾಕ್ಸಿಂಗ್, ಈಜು, ಬೆನ್ನಿಗೆ ಭಾರ ಹೊತ್ತು ಓಟ. ತರಬೇತಿ ಎಂದರೆ ಇದೇ, ಇದನ್ನು ಮೆತ್ತಗೆ ಮಾಡಲು ಬರುವುದಿಲ್ಲ. ಅದರಲ್ಲಿ ಕೆಲವರ ಬೆನ್ನುಮೂಳೆ ಮುರಿಯುತ್ತದೆ, ಕೆಲವರಿಗೆ ತಲೆಗೆ ಪೆಟ್ಟಾಗುತ್ತದೆ. ವೈದ್ಯಕೀಯ ಮಂಡಳಿ ಅನರ್ಹ ಎಂದು ಬರೆದರೆ ಹುಡುಗ ಮನೆಗೆ. ಕಮಿಷನ್ ಸಿಗುವ ತನಕ ಕೆಡೆಟ್ ಅಧಿಕಾರಿಯಲ್ಲ. ಹಾಗಾಗಿ ಅವನಿಗೆ ಮಾಜಿ ಸೈನಿಕನೆಂಬ ಸ್ಥಾನಮಾನವಿಲ್ಲ, ಅಧಿಕಾರಿಗೆ ಸಿಗುವ ಪಿಂಚಣಿಯೂ ಇಲ್ಲ. ಅಂಗವೈಕಲ್ಯದ ಪ್ರಮಾಣ ನೋಡಿ ತಿಂಗಳಿಗೊಂದು ಪರಿಹಾರದ ಮೊತ್ತ, ಹೆಚ್ಚೆಂದರೆ ಸುಮಾರು 40,000 ರೂಪಾಯಿ. ಮಲಗಿದಲ್ಲೇ ಇರುವವನನ್ನು ನೋಡಿಕೊಳ್ಳಲು ಮುಂಬಯಿಯಲ್ಲಿ ಹಗಲೂ ರಾತ್ರಿ ಆಳಿಟ್ಟರೆ ಅದರಲ್ಲಿ ಔಷಧಿಗೆಂದು ಏನು ಉಳಿಯುತ್ತದೆಂದು ನೀವೇ ಲೆಕ್ಕ ಹಾಕಿ. ಎನ್‌ಡಿಎ, ಐಎಂಎಗಳಿಂದ 1985ರಿಂದೀಚೆಗೆ ಹೀಗೆ ಮನೆಗೆ ಬಂದವರು ಸುಮಾರು 500 ಎಂದು ಪತ್ರಿಕೆಗಳು ಬರೆದವು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಪೀಠದಲ್ಲಿದ್ದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆರ್. ಮಹಾದೇವನ್. ಕೆಡೆಟ್‌ಗಳಿಗೆ ವಿಮೆ ಯಾಕಿಲ್ಲ, ಪರಿಹಾರ ಹೆಚ್ಚಿಸಲಾಗದೇ, ಚೇತರಿಸಿಕೊಂಡವರಿಗೆ ಕೂತು ಮಾಡುವ ಕೆಲಸ ಕೊಡಲಾಗದೇ ಎಂದು ಕೇಂದ್ರವನ್ನು ಕೇಳಿದರು. ಅದೇ ತಿಂಗಳ ಕೊನೆಗೆ, ಮಾಜಿ ಸೈನಿಕರಿಗಿರುವ ಆರೋಗ್ಯ ಯೋಜನೆಯನ್ನು ಇವರಿಗೂ ತೆರೆಯಲು ರಕ್ಷಣಾ ಇಲಾಖೆ ಒಪ್ಪಿತು. ಇಷ್ಟಕ್ಕೆ ನಲವತ್ತು ವರ್ಷ.

ಇಲ್ಲಿ ಕಮಾಂಡೆಂಟರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಪಿಂಚಣಿ ಮಂಜೂರು ಮಾಡುವ ಅಧಿಕಾರ ಅವರಿಗಿಲ್ಲ, ನಿಯಮ ದಿಲ್ಲಿಯದು. ಎರಡು ಸಾವಿರ ಮಕ್ಕಳ ಮೇಲೆ ಹಗಲಿರುಳು ಅಧಿಕಾರವಿದೆ, ಅವರಲ್ಲೊಬ್ಬ ಬಿದ್ದರೆ ಮಾತ್ರ ಅವನ ಕೈ ಹಿಡಿಯುವ ಅಧಿಕಾರವಿಲ್ಲ. ಮೂರು ನಕ್ಷತ್ರದ ಹುದ್ದೆಯ ಈ ಬಡತನವನ್ನು ನಾವು ನೋಡಿದ್ದು ಕಡಿಮೆ. ಆದರೂ ದಿಲ್ಲಿಗೆ ಕಾಗದ ಬರೆಯಲು, ಮತ್ತೆ ಬರೆಯಲು, ಮನೆಗೆ ಹೋದ ಹುಡುಗನನ್ನು ತಮ್ಮ ಅಕಾಡೆಮಿಯವನೆಂದೇ ಎಣಿಸಲು ಯಾವ ನಿಯಮವೂ ಅಡ್ಡ ಬರುವುದಿಲ್ಲ ಎಂದು ನಾನು ತಿಳಿದಿದ್ದೇನೆ.

ಈಗ ಹೆಣ್ಣುಮಕ್ಕಳೂ ಹೋಗುತ್ತಿದ್ದಾರೆ. 2021ರಲ್ಲಿ ಸುಪ್ರೀಂ ಕೋರ್ಟ್ ಪರೀಕ್ಷೆ ಬರೆಯಲು ಅವಕಾಶ ಕೊಡಿಸಿದ ಮೇಲೆ, 2022ರಲ್ಲಿ ಸೇರಿದ ಮೊದಲ ತಂಡದ 17 ಹುಡುಗಿಯರು 2025ರ ಮೇ 30ರಂದು ಪಾಸಾಗಿ ಹೊರಬಂದರು. ನಮ್ಮ ಮನೆಗಳಲ್ಲಿ ಕೇಳುವವರ ಸಂಖ್ಯೆ ಇನ್ನು ಹೆಚ್ಚುತ್ತದೆ. ಅವರಿಗೆ ಒಂದು ಮಾತು ಹೇಳಬೇಕಿದೆ. ಆಯ್ಕೆಯಾದ ಮೇಲೆ ತಂದೆತಾಯಿ ಸಹಿ ಹಾಕಬೇಕಾದ ಕಾಗದಗಳು ಕೆಲವಿವೆ. ಒಂದು, ತಾನಾಗಿ ಬಿಟ್ಟು ಬಂದರೆ ತರಬೇತಿಯ ಖರ್ಚು ಮರಳಿಸುತ್ತೇವೆಂಬ ಬಾಂಡು. ಇನ್ನೊಂದು, ತರಬೇತಿಯಲ್ಲಿ ಅಥವಾ ತರಬೇತಿಯಿಂದ ಗಾಯವಾದರೆ ಸರಕಾರದಿಂದ ಪರಿಹಾರ ಕೇಳುವ ಹಕ್ಕು ನಮಗಿಲ್ಲವೆಂದು ಪೂರ್ತಿ ತಿಳಿದಿದ್ದೇವೆ ಎಂಬ ಪ್ರಮಾಣಪತ್ರ. ಇವು ಕೈಗೆ ಬರುವ ಹೊತ್ತಿಗೆ ಮನೆಯಲ್ಲಿ ಪೇಢೆ ಹಂಚಿ ಆಗಿರುತ್ತದೆ, ಊರಿಗೆ ಫೋನು ಹೋಗಿರುತ್ತದೆ, ಟ್ರಂಕು ಕೊಳ್ಳುವ ಗಡಿಬಿಡಿ. ಆ ಎರಡನೆಯ ಕಾಗದವನ್ನು ಅಪ್ಪ ಒಮ್ಮೆ, ಅಮ್ಮ ಒಮ್ಮೆ, ಹೋಗುವ ಮಗ ಅಥವಾ ಮಗಳು ಒಮ್ಮೆ ಗಟ್ಟಿಯಾಗಿ ಓದಿ. ಆಮೇಲೆ ಸಹಿ ಹಾಕಿ.